ಟ್ರಂಕಿನಲ್ಲಿರುವ ಸೀರೆ ಕೌದಿಯಾಗಲಿ

‘ಕಸದಿಂದ ರಸ’ ಎಂದು ಮೊಬೈಲ್‌ನಲ್ಲಿ ಹುಡುಕಿ ನೋಡಿ, ನೂರಾರು ವಿಡಿಯೊ ಸಿಗುತ್ತವೆ. ಖಾಲಿ ಬಾಟಲಿ ಹೂದಾನಿಯಾಗುತ್ತದೆ, ಐಸ್‌ಕ್ರೀಂ ಕಡ್ಡಿ ಫೋಟೊ ಚೌಕಟ್ಟಾಗುತ್ತದೆ. ನೋಡಲು ಚೆಂದವೇ. ಆದರೆ ಮಾಡಲು ಕೂತರೆ ಗ್ಲೂ ಗನ್ ಬೇಕು, ಮಿಂಚುವ ಹಾಳೆ ಬೇಕು, ಅಕ್ರಿಲಿಕ್ ಬಣ್ಣ ಬೇಕು. ಅದಕ್ಕೆಂದು ನಾನು ಕೋಟುಮಚಗಿಯಿಂದ ಗದಗಿಗೆ ಬಸ್ ಹತ್ತಬೇಕು. ಬಿಸಾಡುವ ಬಾಟಲಿಗೆ ಮುನ್ನೂರು ರೂಪಾಯಿಯ ಸಿಂಗಾರ! ತಿಂಗಳೊಪ್ಪತ್ತಿನಲ್ಲಿ ಅದರ ಮೇಲೆ ಧೂಳು ಕೂತು ಮತ್ತೆ ಕಸವೇ.

ನಿಜವಾಗಿಯೂ ಕಡಿಮೆ ಖರ್ಚಿನ, ದಿನವೂ ಕೆಲಸಕ್ಕೆ ಬರುವ ಕರಕುಶಲ ವಸ್ತು ನಮ್ಮ ಮನೆಯಲ್ಲೇ ಇದೆ. ರಾತ್ರಿ ಅದರ ಮೇಲೆಯೇ ಮಲಗುತ್ತೇವೆ, ಆದರೂ ಅದನ್ನು ಯಾರೂ ‘ಕ್ರಾಫ್ಟ್’ ಎನ್ನುವುದಿಲ್ಲ. ಅದು ಕೌದಿ.

ಉತ್ತರ ಕರ್ನಾಟಕದವರಿಗೆ ಕೌದಿ ಎಂದರೇನೆಂದು ಹೇಳಬೇಕಿಲ್ಲ. ಬೇರೆ ಕಡೆಯವರಿಗಾಗಿ ಎರಡು ಮಾತು: ಉಟ್ಟು ಸವೆದ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನು ಜೋಡಿಸಿ, ಎಲ್ಲವನ್ನೂ ಸೇರಿಸಿ ಕೈಯಿಂದ ಹೊಲಿದ ಹಾಸಿಗೆ-ಹೊದಿಕೆ. ಮೇಲಿನ ತುಂಡುಗಳಿಗೆ ಟೇಲರ್ ಅಂಗಡಿಯ ಚೂರು ಸಾಕು. ನಮ್ಮ ಮನೆಯ ಹಳೇ ಕೌದಿಯೊಂದರಲ್ಲಿ ಗುಳೇದಗುಡ್ಡದ ಖಣದ ತುಂಡುಗಳಿವೆ. ಯಾರದೋ ಮದುವೆಯ ಕುಪ್ಪಸ ಅದು, ಯಾರದೆಂಬ ಬಗ್ಗೆ ಅಜ್ಜಿಗೂ ಅತ್ತೆಗೂ ಇನ್ನೂ ಒಮ್ಮತವಿಲ್ಲ. ಹೊಲದ ಕೆಲಸವಿಲ್ಲದ ಬೇಸಿಗೆಯ ಮಧ್ಯಾಹ್ನಗಳೇ ಕೌದಿಯ ಕಾಲ. ನಮ್ಮದು ಮಳೆ ನಂಬಿದ ಎರೆ ಭೂಮಿ, ಹಿಂಗಾರಿ ಜೋಳ, ಕಡಲೆ ಮನೆಗೆ ಬಂದ ಮೇಲೆ ಹೆಂಗಸರಿಗೆ ಅಷ್ಟಿಷ್ಟು ಬಿಡುವು.

ಒಂಬತ್ತು ವಾರಿ ಸೀರೆ ಎಂದರೆ ಸುಮಾರು 8 ಮೀಟರ್. ಅಗಲ ಹತ್ತಿರಹತ್ತಿರ 1.2 ಮೀಟರ್. ಅಡ್ಡಕ್ಕೆ ನಾಲ್ಕು ತುಂಡು ಮಾಡಿದರೆ ಒಬ್ಬರು ಮಲಗುವಷ್ಟು ಉದ್ದಗಲದ ನಾಲ್ಕು ಪದರ ಸಿಗುತ್ತವೆ. ಒಂದೇ ಸೀರೆಗೆ ಒಂದು ಕೌದಿ! ಹರಿದ ಭಾಗ ತೆಗೆದರೆ ಒಂದು ಪದರ ಕಡಿಮೆಯಾಗಬಹುದು, ಅಲ್ಲಿಗೆ ಹಳೇ ಧೋತರವಿದೆಯಲ್ಲ. ಖರ್ಚು ಸೂಜಿ, ದಾರದ್ದು ಮಾತ್ರ.

ಮೊದಲ ಸಲ ಮಾಡುವವರು ದೊಡ್ಡ ಕೌದಿಗೆ ಕೈ ಹಾಕಬೇಡಿ. ಕೂಸಿನ ಕೌದಿಯಿಂದ ಶುರುಮಾಡಿ. 75 ಸೆಂ.ಮೀ. ಉದ್ದ, 60 ಸೆಂ.ಮೀ. ಅಗಲದ ಮೂರು ಪದರ ಸಾಕು. ಬಟ್ಟೆಯನ್ನು ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಒಣಗಿಸಿಕೊಳ್ಳಿ. ಎಲ್ಲವೂ ಹಳೇ ಬಟ್ಟೆಯಾದರೆ ಒಳ್ಳೆಯದು. ಹೊಸ ಕಾಟನ್ ತುಂಡು ಸೇರಿಸುವುದಿದ್ದರೆ ಅದನ್ನು ಎರಡು ಸಲ ಒಗೆಯಲೇಬೇಕು, ಇಲ್ಲದಿದ್ದರೆ ಹೊಲಿದಾದ ಮೇಲೆ ಅದೊಂದೇ ಮುದುಡಿ ಕೌದಿಯನ್ನೆಲ್ಲ ಸುಕ್ಕು ಮಾಡುತ್ತದೆ. ಹೆಚ್ಚು ಸವೆದದ್ದು ನಡುವಿನ ಪದರಕ್ಕೆ, ಗಟ್ಟಿಯಾದದ್ದು ಮೇಲೆ ಮತ್ತು ಕೆಳಗೆ. ಕೆಳಗಿನ ಬಟ್ಟೆಯನ್ನು ಎಲ್ಲ ಕಡೆ ಎರಡು ಬೆರಳಷ್ಟು ದೊಡ್ಡದಾಗಿ ಕತ್ತರಿಸಿದರೆ ಕೊನೆಗೆ ಅದನ್ನೇ ಮೇಲಕ್ಕೆ ಮಡಚಿ ಅಂಚು ಕಟ್ಟಬಹುದು.

ನೆಲದ ಮೇಲೆ ಹಾಸಿ, ಅಂಗೈಯಿಂದ ಸವರಿ ಸುಕ್ಕು ತೆಗೆದು, ಗೇಣಿಗೊಂದರಂತೆ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ. ಪದರ ಜಾರದಿರಲು ಇದು ಬೇಕು, ಕೊನೆಗೆ ಕಿತ್ತರಾಯಿತು. ಆಮೇಲೆ ಅಸಲು ಹೊಲಿಗೆ: ಸೂಜಿ ಮೇಲೆ, ಕೆಳಗೆ, ಮೇಲೆ, ಕೆಳಗೆ, ಅಷ್ಟೇ. ಹಿರಿಯರು ಅಂಚಿನಿಂದ ಶುರುಮಾಡಿ ಸುತ್ತುತ್ತ ನಡುವಿಗೆ ಬರುತ್ತಾರೆ. ಹೊಸಬರಿಗೆ ನೇರ ಸಾಲೇ ಸುಲಭ. ದಾರ ಒಂದು ತೋಳಿಗಿಂತ ಉದ್ದವಾದರೆ ಗಂಟು ಬೀಳುತ್ತದೆ. ಗಂಟನ್ನು ಪದರದೊಳಗೆ ಎಳೆದು ಮುಚ್ಚಿಡಿ, ಹೊರಗಿದ್ದರೆ ಕೂಸಿನ ಮೈಗೆ ಒತ್ತುತ್ತದೆ.

ಎರಡು ಸೆಂ.ಮೀ.ಗೊಂದು ಸಾಲಿನಂತೆ ಮೂವತ್ತು ಸಾಲಾಗುತ್ತದೆ. ದಿನಕ್ಕೆ ನಾಲ್ಕು ಸಾಲು ಹೊಲಿದರೆ ಎಂಟು ದಿನದ ಕೆಲಸ. ಹೊಲಿಗೆ ವಂಕಾದರೂ ಚಿಂತೆಯಿಲ್ಲ, ಎರಡು ಸಲ ಒಗೆದ ಮೇಲೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

ಕೌದಿ ಕಲಿಯಲು ಸುಲಭ, ಸಾಮಾನು ಅಗ್ಗ. ಆದರೆ ಕೆಲಸ ಅಗ್ಗವಲ್ಲ. ದೊಡ್ಡ ಕೌದಿಗೆ ಎರಡೂವರೆ ಸೆಂ.ಮೀ.ಗೊಂದು ಸಾಲು ಹಾಕಿ, ಒಂದು ಸೆಂ.ಮೀ.ಗೊಂದು ಹೊಲಿಗೆಯೆಂದು ಲೆಕ್ಕ ಹಾಕಿದರೂ ಹತ್ತು ಸಾವಿರದ ಹತ್ತಿರ ಹೋಗುತ್ತದೆ. ಸುಧಾ ಮೂರ್ತಿಯವರು ತಮಗೆ ಬಂದ ಉಡುಗೊರೆಯೊಂದರ ಬಗ್ಗೆ ಬರೆದಿದ್ದಾರೆ. ದೇವದಾಸಿ ಪದ್ಧತಿಯಿಂದ ಹೊರಬಂದ ಮೂರು ಸಾವಿರ ಹೆಣ್ಣುಮಕ್ಕಳು ತಲಾ ಒಂದೊಂದು ಹೊಲಿಗೆ ಹಾಕಿ ಕೊಟ್ಟ ಹಾಸು ಅದು. ಓದಿದಾಗ ನನಗೆ ನೆನಪಾದದ್ದು ಅಜ್ಜಿ. ಅದರ ಮೂರು ಪಟ್ಟು ಹೊಲಿಗೆಯನ್ನು ಒಬ್ಬಳೇ ಹಾಕುತ್ತಾಳೆ, ಅದೂ ಪ್ರತಿ ಕೌದಿಗೆ. ‘ಒಂದು ಹೊಲಿದುಕೊಡವ್ವಾ’ ಎಂದು ಕೇಳುವವರು ದಾರದ ದುಡ್ಡು ಕೊಟ್ಟರೆ ಮುಗಿಯಿತು ಎಂದುಕೊಳ್ಳುವುದು ನನಗಂತೂ ಸರಿ ಕಾಣುವುದಿಲ್ಲ. ಸಂತೆಯ ಚಾದರಕ್ಕೆ ಚೌಕಾಸಿ ಮಾಡಿಯಾದರೂ ದುಡ್ಡು ಕೊಡುತ್ತೇವಲ್ಲ.

ಇದು ಹೆಂಗಸರ ಕೆಲಸ ಎಂಬ ಮಾತಂತೂ ಬೇಡವೇ ಬೇಡ. ಸುಗ್ಗಿಯಲ್ಲಿ ಕಾಳಿನ ಚೀಲದ ಬಾಯನ್ನು ದಬ್ಬಣ ಹಿಡಿದು ಸರಸರ ಹೊಲಿಯುವವರು ಗಂಡಸರೇ. ದಬ್ಬಣ ಹಿಡಿದ ಕೈಗೆ ಸೂಜಿ ಭಾರವೇ? ನನ್ನ ತಮ್ಮನಿಗೆ ಹೀಗೇ ಕೆಣಕಿ ಆರು ಸಾಲು ಹೊಲಿಸಿದ್ದೇನೆ, ನನ್ನ ಸಾಲಿಗಿಂತ ನೆಟ್ಟಗಿವೆ.

ಇಷ್ಟು ಅವಸರದಿಂದ ಬರೆಯಲು ಕಾರಣವಿದೆ. ಅಜ್ಜಿಯ ಟ್ರಂಕಿನಲ್ಲಿ ಈಗ ಉಳಿದಿರುವುದು ಏಳು ನೂಲಿನ ಸೀರೆ. ಅವ್ವನ ಸೀರೆಗಳೆಲ್ಲ ಸಿಂಥೆಟಿಕ್, ನಾನು ಚೂಡಿದಾರದವಳು. ಪಾಲಿಯೆಸ್ಟರ್ ಬಟ್ಟೆ ಪದರದಲ್ಲಿ ನಿಲ್ಲದೆ ಜಾರುತ್ತದೆ, ಬೆವರು ಹೀರುವುದಿಲ್ಲ, ಕಿಡಿ ಬಿದ್ದರೆ ಕರಗಿ ಮೈಗೆ ಅಂಟುತ್ತದೆ. ಎಷ್ಟು ಒಗೆದರೂ ನೂಲಿನ ಹಾಗೆ ಮೆತ್ತಗಾಗುವುದಿಲ್ಲ. ಅಂದರೆ ಆ ಏಳು ಸೀರೆ ಮುಗಿದ ಮೇಲೆ ನಮ್ಮ ಮನೆಯಲ್ಲಿ ಕೌದಿಗೆ ಬಟ್ಟೆಯೇ ಇಲ್ಲ. ನಿಮ್ಮ ಮನೆಯ ಕಥೆಯೂ ಬಹುಶಃ ಇದೇ. ಬೆಟಗೇರಿಯ ಮಗ್ಗಗಳು ಕಣ್ಣಳತೆಯಲ್ಲೇ ಇವೆ, ಆದರೆ ದಿನಾ ಉಡಲು ಕೈಮಗ್ಗದ ನೂಲಿನ ಸೀರೆ ಕೊಳ್ಳುವವರು ನನ್ನ ಓರಗೆಯಲ್ಲಿ ಎಷ್ಟು ಮಂದಿ? ಇದ್ದ ಹಳೇ ಸೀರೆಯನ್ನೂ ಸ್ಟೀಲ್ ಪಾತ್ರೆ ಮಾರುವವರು ಬಂದಾಗ ಒಂದು ಬೋಗುಣಿಗೆ ಕೊಟ್ಟುಬಿಡುತ್ತೇವೆ. ಎಂಟು ಮೀಟರ್ ಬಟ್ಟೆಯಲ್ಲಿ ಕೂಸಿನ ಕೌದಿ ನಾಲ್ಕೈದಾದರೂ ಆಗುತ್ತವೆ. ಬೋಗುಣಿ ಒಂದೇ.

ಕಡಿಮೆಯಾಗುತ್ತಿರುವುದು ಬಟ್ಟೆಯಷ್ಟೇ ಅಲ್ಲ. ಅಜ್ಜಿಗೆ ಈಗ ಸೂಜಿಗೆ ದಾರ ಪೋಣಿಸಲು ಆಗುವುದಿಲ್ಲ. ನಾನು ಕಾಲೇಜಿಗೆ ಹೊರಡುವ ಮೊದಲು ಹತ್ತು ಸೂಜಿಗೆ ದಾರ ಹಾಕಿ ದಿಂಬಿಗೆ ಚುಚ್ಚಿಡುತ್ತೇನೆ, ಸಂಜೆಗೆ ಹತ್ತೂ ಖಾಲಿ.

ಚಿಂದಿ ಹೊಲಿದು ಹೊದಿಕೆ ಮಾಡಿದವರು ನಾವಷ್ಟೇ ಅಲ್ಲ. ಬಂಗಾಳದಲ್ಲಿ ಕಾಂತಾ ಇದೆ, ಜಪಾನಿನ ರೈತರ ತೇಪೆ ಬಟ್ಟೆಗೆ ಬೊರೊ ಎಂದು ಹೆಸರು. ಕಾಂತಾಕ್ಕೂ ನಮ್ಮ ‘ಕಂತೆಗೆ ತಕ್ಕ ಬೊಂತೆ’ ಗಾದೆಯ ಕಂತೆಗೂ ನಂಟಿದೆ. ನಮ್ಮ ರಾಜ್ಯದಲ್ಲೇ ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಡೆಯ ಸಿದ್ದಿ ಹೆಣ್ಣುಮಕ್ಕಳ ಕೌದಿಗಳು ಅಮೆರಿಕದಲ್ಲಿ ಪ್ರದರ್ಶನ ಕಂಡಿವೆ. ಅವರು ನಾಲ್ಕು ಮೂಲೆಗೂ ತ್ರಿಕೋನವಾಗಿ ಮಡಚಿದ ಬಟ್ಟೆಯ ‘ಫುಲ’ ಅಂದರೆ ಹೂ ಇಡುತ್ತಾರೆ, ಅದಿಲ್ಲದ ಕೌದಿ ಬತ್ತಲೆ ಇದ್ದಂತೆ ಎನ್ನುತ್ತಾರೆ. ನಾನು ಹೊಲಿದ ಕೂಸಿನ ಕೌದಿಗೂ ಅಂಥ ಹೂ ಇಟ್ಟಿದ್ದೇನೆ. ಎರಡು ಬೆರಳಗಲದ ಚೂರು ಸಾಕು.

ಹಾಗಾದರೆ ಅವ್ವನ ಸಿಂಥೆಟಿಕ್ ಸೀರೆಗಳನ್ನು ಏನು ಮಾಡುವುದು? ಕೌದಿಗೆ ಬಾರದ ಅದರ ಗುಣವೇ ಕಾಲೊರೆಸಿಗೆ ವರ. ಬೇಗ ಒಣಗುತ್ತದೆ, ಬೇಗ ಹರಿಯುವುದಿಲ್ಲ. ಸೀರೆಯನ್ನು ಉದ್ದಕ್ಕೆ ನಾಲ್ಕು ಬೆರಳಗಲದ ಪಟ್ಟಿಗಳಾಗಿ ಕತ್ತರಿಸಿ. ಮೂರು ಪಟ್ಟಿ ಸೇರಿಸಿ ಗಂಟು ಹಾಕಿ, ಕಿಟಕಿಯ ಸರಳಿಗೆ ಕಟ್ಟಿ ಜಡೆ ಹೆಣೆಯಿರಿ. ಪಟ್ಟಿ ಮುಗಿದಲ್ಲಿ ಇನ್ನೊಂದನ್ನು ಹೊಲಿದು ಮುಂದುವರಿಸಿ. ಆ ಜಡೆಯನ್ನು ಚಕ್ಕುಲಿಯಂತೆ ಸುತ್ತುತ್ತ, ಪಕ್ಕಪಕ್ಕದ ಸುತ್ತುಗಳನ್ನು ದಪ್ಪ ದಾರದಿಂದ ಸೇರಿಸಿ ಹೊಲಿಯಿರಿ. ಸುತ್ತುವಾಗ ಬಿಗಿಯಾಗಿ ಎಳೆದರೆ ನಡು ಉಬ್ಬಿ ಬುಟ್ಟಿಯಂತಾಗುತ್ತದೆ, ಆದ್ದರಿಂದ ನೆಲದ ಮೇಲೆ ಚಪ್ಪಟೆಯಾಗಿಟ್ಟೇ ಹೊಲಿಯಬೇಕು. ಮಳೆಗಾಲಕ್ಕೆ ಮುಂಚೆ ಎರಡು ಮಾಡಿಡಿ. ಎರೆ ಮಣ್ಣು ಹೊತ್ತು ಬರುವ ಕಾಲುಗಳ ಊರಿದು, ಒಂದು ಒಣಗುವಾಗ ಇನ್ನೊಂದು ಬಾಗಿಲಲ್ಲಿರಬೇಕು.