ಏಪ್ರಿಲ್ 2ರ ನೀಲಿ ಬ್ಯಾಡ್ಜ್ ಸಾಕೇ? ಕಚೇರಿಯಲ್ಲಿ ನ್ಯೂರೋಡೈವರ್ಸಿಟಿ ತರಬೇತಿ ಹೇಗಿರಬೇಕು

ಏಪ್ರಿಲ್ 2 ವಿಶ್ವ ಆಟಿಸಂ ಜಾಗೃತಿ ದಿನ. ಆ ಹೊತ್ತಿಗೆ ಹಲವು ಕಂಪನಿಗಳಲ್ಲಿ ಒಂದು ಗಂಟೆಯ ತರಬೇತಿ ಇರುತ್ತದೆ. ಸ್ಲೈಡ್‌ಗಳು, ನೀಲಿ ಬ್ಯಾಡ್ಜ್, ಗ್ರೂಪ್ ಫೋಟೋ, ಅಲ್ಲಿಗೆ ಮುಗಿಯಿತು. ಮರುದಿನ ಟೀಮ್ ಲೀಡ್ ಮತ್ತದೇ ಧಾಟಿಯಲ್ಲಿ 'ಆ ರಿಪೋರ್ಟ್ ಸ್ವಲ್ಪ ಸರಿಮಾಡಿ, ಬೇಗ ಕಳಿಸಿ' ಎನ್ನುತ್ತಾರೆ. ಏನು ಸರಿಮಾಡಬೇಕು, ಬೇಗ ಎಂದರೆ ಇಂದು ಸಂಜೆಯೋ ಶುಕ್ರವಾರವೋ ಎಂಬುದು ಆಟಿಸಂ ಇರುವ ಉದ್ಯೋಗಿಗೆ ಹೊಳೆಯದೇ ಇರಬಹುದು. ಮತ್ತೆ ಕೇಳಿದರೆ ಲೀಡ್‌ಗೆ ಕಿರಿಕಿರಿ, ಕೇಳದಿದ್ದರೆ ಕೆಲಸ ತಪ್ಪು. ಕೊನೆಗೆ ಅಪ್ರೈಸಲ್‌ನಲ್ಲಿ 'ಸಂವಹನ ಕೌಶಲ ಸಾಲದು' ಎಂಬ ಷರಾ, ಜೊತೆಗೆ ಇನ್‌ಕ್ರಿಮೆಂಟ್‌ಗೂ ಕತ್ತರಿ.

ತರಬೇತಿಯಿಂದ ಬದಲಾಗಬೇಕಿರುವುದು ಟೀಮ್ ಲೀಡ್ ಆಡಿದ ಆ ಒಂದು ಮಾತು.

ಏನಿದು ನ್ಯೂರೋಡೈವರ್ಸಿಟಿ?

ಎಲ್ಲರ ಮೆದುಳೂ ಒಂದೇ ರೀತಿ ಕೆಲಸ ಮಾಡುವುದಿಲ್ಲ, ಈ ವ್ಯತ್ಯಾಸ ಸಹಜ ಎಂಬ ದೃಷ್ಟಿಯೇ ನ್ಯೂರೋಡೈವರ್ಸಿಟಿ. ಆಟಿಸಂ, ಎಡಿಎಚ್‌ಡಿ, ಡಿಸ್ಲೆಕ್ಸಿಯಾ ಮುಂತಾದವು ಇದರಡಿ ಬರುತ್ತವೆ. 1990ರ ದಶಕದ ಕೊನೆಯಲ್ಲಿ ಬಳಕೆಗೆ ಬಂದ ಪದ ಇದು. ನಮ್ಮಲ್ಲಿ ಅನೇಕರಿಗೆ ಡಿಸ್ಲೆಕ್ಸಿಯಾ ಪರಿಚಯವಾದದ್ದು 2007ರ 'ತಾರೇ ಜಮೀನ್ ಪರ್' ಚಿತ್ರದಿಂದ. ಅಂದು ಆ ಹುಡುಗನ ವಯಸ್ಸಿನಲ್ಲಿದ್ದ ಮಕ್ಕಳು ಈಗ ಕಚೇರಿಗಳಲ್ಲಿ ಕೆಲಸಕ್ಕಿದ್ದಾರೆ.

ಎಲ್ಲಿಂದ ಶುರು ಮಾಡಬೇಕು?

ರೋಗಲಕ್ಷಣಗಳ ಪಟ್ಟಿಯಿಂದಂತೂ ಬೇಡ. ಅಂಥ ಕ್ಲಾಸ್ ಮುಗಿಸಿ ಬಂದವರು 'ಅವನಿಗೆ ಪಕ್ಕಾ ಎಡಿಎಚ್‌ಡಿ' ಎಂದು ಸಹೋದ್ಯೋಗಿಗಳಿಗೆ ಹಣೆಪಟ್ಟಿ ಹಚ್ಚಲು ಶುರುಮಾಡುವ ಅಪಾಯವೇ ಹೆಚ್ಚು. ಅದರ ಬದಲು ಕಳೆದ ತಿಂಗಳು ತಂಡಕ್ಕೆ ಹೋದ ನಾಲ್ಕೈದು ಮೇಲ್‌ಗಳನ್ನು ಹೆಸರು ಅಳಿಸಿ ಮುಂದಿಟ್ಟು, ಮ್ಯಾನೇಜರ್‌ಗಳಿಂದಲೇ ತಿದ್ದಿ ಬರೆಸಬಹುದು. 'ಬೇಗ ಸರಿಮಾಡಿ' ಎಂಬುದು '3ನೇ ಪುಟದ ಕೋಷ್ಟಕಕ್ಕೆ ಮಾರ್ಚ್ ಅಂಕಿ ಸೇರಿಸಿ, ಗುರುವಾರ ಸಂಜೆ 5ರೊಳಗೆ ಕಳಿಸಿ' ಎಂದಾಗುತ್ತದೆ. ಇದರಿಂದ ತಂಡಕ್ಕೆ ಹೊಸದಾಗಿ ಸೇರಿದವರಿಗೂ ಅನುಕೂಲ. ಮೀಟಿಂಗ್‌ಗೆ ಮೊದಲೇ ಅಜೆಂಡಾ ಕಳಿಸುವುದು, ಗದ್ದಲದ ಫ್ಲೋರ್‌ನಲ್ಲಿ ಹೆಡ್‌ಫೋನ್‌ಗೆ ಅವಕಾಶ ಕೊಡುವುದು ಕೂಡ ಹೀಗೆಯೇ ಅಭ್ಯಾಸವಾಗಬೇಕು.

ಸಂದರ್ಶನ ಮಾಡುವವರಿಗೆ ಬೇರೆಯದೇ ತರಬೇತಿ ಬೇಕು. ಕಣ್ಣಲ್ಲಿ ಕಣ್ಣಿಟ್ಟು ಮಾತಾಡಲಿಲ್ಲ ಎಂದು ಅಂಕ ಕಳೆದರೆ ಒಳ್ಳೆಯ ಟೆಸ್ಟರ್ ಅಥವಾ ಅಕೌಂಟೆಂಟ್ ಬಾಗಿಲಲ್ಲೇ ವಾಪಸ್. ಡೆನ್ಮಾರ್ಕ್‌ನಲ್ಲಿ 2004ರಲ್ಲಿ ಆರಂಭವಾದ ಸ್ಪೆಷಲಿಸ್ಟರ್ನೆ ಸಂಸ್ಥೆ ಆಟಿಸಂ ಇರುವ ಅಭ್ಯರ್ಥಿಗಳಿಗೆ ಲೆಗೊ ರೋಬೋಟ್ ಕಟ್ಟುವಂಥ ಕೆಲಸ ಕೊಟ್ಟು ಸಾಮರ್ಥ್ಯ ನೋಡುವ ದಾರಿ ಹಿಡಿಯಿತು. ಸಾಫ್ಟ್‌ವೇರ್ ಕಂಪನಿ ಎಸ್‌ಎಪಿ 2013ರಲ್ಲಿ 'ಆಟಿಸಂ ಅಟ್ ವರ್ಕ್' ಶುರುಮಾಡಿದ್ದು ಈ ಸಂಸ್ಥೆಯ ಜೊತೆಗೂಡಿ. ಅದರ ಬೆಂಗಳೂರು ಕಚೇರಿಯಲ್ಲೂ ಇಂಥ ನೇಮಕಾತಿ ನಡೆದಿದೆ.

'ನಿಮ್ಮ ಅನುಭವ ಹೇಳಿ' ಎಂದು ಸಹೋದ್ಯೋಗಿಯನ್ನು ಎಲ್ಲರೆದುರು ಎಬ್ಬಿಸಿ ನಿಲ್ಲಿಸುವುದು ಮಾತ್ರ ಬೇಡವೇ ಬೇಡ. ಹೇಳುವುದು, ಬಿಡುವುದು ಅವರ ಇಷ್ಟ. ಹೊರಗಿನಿಂದ ಅನುಭವಿಗಳನ್ನು ಸಂಭಾವನೆ ಕೊಟ್ಟೇ ಕರೆಸಬಹುದು. ಮೂರು ತಿಂಗಳ ನಂತರ ಎಚ್‌ಆರ್ ಮತ್ತೊಮ್ಮೆ ಮೇಲ್‌ಗಳನ್ನೂ ಅಪ್ರೈಸಲ್ ಷರಾಗಳನ್ನೂ ತೆಗೆದು ನೋಡಿದರೆ ತರಬೇತಿಯ ಫಲ ತಿಳಿಯುತ್ತದೆ. ತರಬೇತಿ ಮುಗಿದ ಕೂಡಲೇ ತುಂಬಿಸಿಕೊಳ್ಳುವ ಫೀಡ್‌ಬ್ಯಾಕ್ ಫಾರ್ಮ್‌ನಿಂದ ಅದು ಗೊತ್ತಾಗದು.

ಕಾನೂನು ಏನು ಹೇಳುತ್ತದೆ?

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವೈಕಲ್ಯಗಳ ಪಟ್ಟಿಯಲ್ಲಿ ಆಟಿಸಂ ಇದೆ, ಡಿಸ್ಲೆಕ್ಸಿಯಾ ಒಳಗೊಂಡ ಕಲಿಕಾ ನ್ಯೂನತೆಗಳೂ ಇವೆ. ಎಡಿಎಚ್‌ಡಿ ಹೆಸರು ಇಲ್ಲ. 20 ಅಥವಾ ಹೆಚ್ಚು ಉದ್ಯೋಗಿಗಳಿರುವ ಖಾಸಗಿ ಸಂಸ್ಥೆಗಳು ಯಾವ ಸೌಲಭ್ಯ ಕೊಡುತ್ತೇವೆ ಎಂಬುದನ್ನು ತಮ್ಮ ಸಮಾನ ಅವಕಾಶ ನೀತಿಯಲ್ಲಿ ಬರೆದು ಪ್ರಕಟಿಸಬೇಕು, ಸಂಪರ್ಕಾಧಿಕಾರಿಯನ್ನೂ ನೇಮಿಸಬೇಕು. ಆ ಅಧಿಕಾರಿ ಯಾರು ಎಂಬುದನ್ನು ತರಬೇತಿಯಲ್ಲೇ ಎಲ್ಲರಿಗೂ ತಿಳಿಸಿದರೆ ಒಳ್ಳೆಯದು. ಅಂದಹಾಗೆ, ಕೆಲಸವನ್ನು ಬರವಣಿಗೆಯಲ್ಲಿ ಸ್ಪಷ್ಟವಾಗಿ ಹೇಳಲು ಮ್ಯಾನೇಜರ್ ಯಾರ ವೈದ್ಯಕೀಯ ಸರ್ಟಿಫಿಕೇಟ್‌ಗೂ ಕಾಯಬೇಕಿಲ್ಲ.