ಒಂದು ಡಿಸ್ಕು, ಎರಡು ಸಂಸಾರ

ಪೀಣ್ಯದ ಸಣ್ಣ ಕಾರ್ಖಾನೆಯ ಆಫೀಸಿಗೆ ಹೋದರೆ ಲೆಕ್ಕಪತ್ರವೆಲ್ಲ ಟ್ಯಾಲಿಯಲ್ಲಿ. ಬೆಂಗಳೂರಿನ ಕಂಪನಿಯದೇ ತಂತ್ರಾಂಶ, ಆದರೆ ಅದಕ್ಕೆ ವಿಂಡೋಸ್ ಬೇಕು. ಎಲೆಕ್ಟ್ರಾನಿಕ್ ಸಿಟಿಯ ಕೆಲಸದ ಮೇಲೆ ಕಣ್ಣಿಟ್ಟು ಇಂಜಿನಿಯರಿಂಗ್ ಓದುತ್ತಿರುವ ಮಾಲೀಕರ ಮಗಳಿಗೆ ಬೇಕಾದದ್ದು ಲಿನಕ್ಸ್. ಹೀಗಾಗಿ ಒಂದೇ ಯಂತ್ರಕ್ಕೆ ಎರಡನ್ನೂ ಹಾಕುತ್ತಾರೆ. ಸ್ವಿಚ್ ಒತ್ತಿದಾಗ ಯಾವುದು ಏಳಬೇಕೆಂದು ಕೇಳುವ ಪುಟ್ಟ ತಂತ್ರಾಂಶವೇ ಬೂಟ್ ಲೋಡರ್.

ಎಷ್ಟು ಪುಟ್ಟದು? ಹಳೆಯ ಬಯೋಸ್ ಯಂತ್ರಗಳಲ್ಲಿ ಡಿಸ್ಕಿನ ಮೊದಲ 512 ಬೈಟ್‌ಗಳ ಪೈಕಿ ಅದರ ಪಾಲಿಗೆ ಬರುತ್ತಿದ್ದದ್ದು 446. ಮುಂದಿನ 64 ಪಾರ್ಟಿಷನ್ ಪಟ್ಟಿಗೆ, ಕೊನೆಯ 2 ಗುರುತಿಗೆ. ಈಗ ರೂಢಿಯಲ್ಲಿರುವ ಯುಟಿಎಫ್-8 ಪದ್ಧತಿಯಲ್ಲಿ ಒಂದು ‘ಕ’ ಇಡಲು 3 ಬೈಟ್ ಬೇಕು. 148 ‘ಕ’ ಬರೆಯುವಷ್ಟರಲ್ಲಿ ಆ ಜಾಗ ಮುಗಿದೇ ಹೋಯಿತು! ಲಿನಕ್ಸ್‌ನ ಜೊತೆ ಬರುವ ಗ್ರಬ್ ಎಂಬ ಬೂಟ್ ಲೋಡರ್ ತನ್ನ ಮೊದಲ ಚೂರನ್ನಷ್ಟೇ ಇಲ್ಲಿಟ್ಟು, ಉಳಿದದ್ದನ್ನು ಡಿಸ್ಕಿನ ಬೇರೆಡೆ ಇಟ್ಟುಕೊಳ್ಳುತ್ತಿತ್ತು. ಆಮೇಲೆ ಯಾರಾದರೂ ವಿಂಡೋಸ್ ಹಾಕಿದರೆ ಅದು ಆ ಚೂರನ್ನು ಅಳಿಸಿ ತನ್ನದನ್ನು ಬರೆದುಬಿಡುತ್ತಿತ್ತು. ‘ಮೊದಲು ವಿಂಡೋಸ್, ಆಮೇಲೆ ಲಿನಕ್ಸ್’ ಎಂಬ ಬುದ್ಧಿಮಾತು ಹುಟ್ಟಿದ್ದು ಇದರಿಂದಲೇ.

ಈಗಿನ ಯುಇಎಫ್‌ಐ ಯಂತ್ರಗಳಲ್ಲಿ ಈ ಜಗಳ ಕಡಿಮೆ. ಇಎಸ್‌ಪಿ ಎಂಬ ಚಿಕ್ಕ ಪಾರ್ಟಿಷನ್‌ನಲ್ಲಿ ಮೈಕ್ರೋಸಾಫ್ಟ್‌ಗೊಂದು, ಲಿನಕ್ಸ್‌ನ ಒಂದು ಬಗೆಯಾದ ಉಬುಂಟುವಿಗೊಂದು ಫೋಲ್ಡರ್. ಯಾವುದನ್ನು ಮೊದಲು ಕರೆಯಬೇಕೆಂಬ ಪಟ್ಟಿ ಮದರ್‌ಬೋರ್ಡಿನ ಚಿಪ್‌ನಲ್ಲಿರುತ್ತದೆ. ‘ಅಪ್‌ಡೇಟ್ ಆಯ್ತು, ಲಿನಕ್ಸ್ ಹೋಯ್ತು’ ಎಂದು ಅಂಗಡಿಗೆ ಓಡಿ ಫಾರ್ಮ್ಯಾಟ್ ಮಾಡಿಸುವವರನ್ನು ಕಂಡರೆ ಅಯ್ಯೋ ಅನ್ನಿಸುತ್ತದೆ. ಎಷ್ಟೋ ಸಲ ಹಿಂದೆಮುಂದಾಗಿರುವುದು ಆ ಪಟ್ಟಿ ಮಾತ್ರ. ಸೆಟಪ್ ಪರದೆಗೆ ಹೋಗಿ ಉಬುಂಟುವನ್ನು ಮೇಲಕ್ಕೆ ತಂದರೆ ಸಾಕು. 2024ರ ಆಗಸ್ಟ್‌ನಲ್ಲಿ ಬಂದ ವಿಂಡೋಸ್ ಅಪ್‌ಡೇಟ್ ಮಾತ್ರ ನಿಜವಾಗಿಯೂ ಕಾಟ ಕೊಟ್ಟಿತು: ಸೆಕ್ಯೂರ್ ಬೂಟ್ ಎಂಬ ಕಾವಲು ವ್ಯವಸ್ಥೆ ಹಳೆಯ ಲಿನಕ್ಸ್ ಲೋಡರ್‌ಗಳನ್ನು ಒಳಗೇ ಬಿಡಲಿಲ್ಲ. ಆಗಲೂ ಕಡತಗಳಿಗೆ ಏನೂ ಆಗಿರಲಿಲ್ಲ.

ಇನ್ನು, ಗ್ರಬ್ ಪರದೆಯಲ್ಲಿ ವಿಂಡೋಸ್ ಹೆಸರೇ ಕಾಣದಿದ್ದರೆ? 2021ರ ಗ್ರಬ್ 2.06ರಿಂದೀಚೆಗೆ ಅಕ್ಕಪಕ್ಕದ ವ್ಯವಸ್ಥೆಗಳನ್ನು ಹುಡುಕುವ ‘ಓಎಸ್-ಪ್ರೋಬರ್’ ಹೇಳದೆ ಓಡುವುದಿಲ್ಲ. ಗ್ರಬ್‌ನ ಸೆಟ್ಟಿಂಗ್ ಕಡತದಲ್ಲಿ ಅದಕ್ಕೆ ಅನುಮತಿ ಕೊಟ್ಟು, ‘ಅಪ್‌ಡೇಟ್-ಗ್ರಬ್’ ಎಂಬ ಆಜ್ಞೆ ಕೊಡಬೇಕು.

ಗಡಿಯಾರದ್ದು ಬೇರೆಯೇ ತಮಾಷೆ. ಮದರ್‌ಬೋರ್ಡಿನ ಗಡಿಯಾರದಲ್ಲಿ ಲಿನಕ್ಸ್ ಅಂತಾರಾಷ್ಟ್ರೀಯ ಸಮಯ ಇಡುತ್ತದೆ, ವಿಂಡೋಸ್ ಅದನ್ನೇ ಭಾರತದ ಸಮಯ ಅಂದುಕೊಳ್ಳುತ್ತದೆ. ಮಗಳು ಲಿನಕ್ಸ್ ಮುಚ್ಚಿ ಕೊಟ್ಟ ಯಂತ್ರದಲ್ಲಿ ಅಪ್ಪ ಸಂಜೆ ಐದೂವರೆಗೆ ಟ್ಯಾಲಿ ತೆರೆದರೆ ಗಂಟೆ ಮಧ್ಯಾಹ್ನ ಹನ್ನೆರಡು! ಸ್ಥಳೀಯ ಸಮಯವನ್ನೇ ಇಡುವಂತೆ ಲಿನಕ್ಸ್‌ಗೆ ಹೇಳಿದರೆ ಈ ಗೊಂದಲ ಇಲ್ಲ.

ಲಿನಕ್ಸ್ ಹಾಕುವ ಮುನ್ನ ಟ್ಯಾಲಿ ಡೇಟಾ ಪೆನ್‌ಡ್ರೈವ್‌ಗೆ ಹೋಗಲಿ, ವಿಂಡೋಸ್‌ನ ‘ಫಾಸ್ಟ್ ಸ್ಟಾರ್ಟಪ್’ ಆಫ್ ಆಗಲಿ. ಡಿಸ್ಕಿಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಇದ್ದರೆ ಅದರ 48 ಅಂಕಿಯ ಕೀಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಬೂಟ್ ವ್ಯವಸ್ಥೆ ಬದಲಾಯಿತೆಂದರೆ ವಿಂಡೋಸ್ ಅದನ್ನು ಕೇಳಬಹುದು, ಕೀ ಇಲ್ಲದಿದ್ದರೆ ಯಾವ ಅಂಗಡಿಯವನೂ ಆ ಡಿಸ್ಕ್ ತೆರೆದು ಕೊಡಲಾರ.