ಹರಿಗೋಲು ಹೊರುವ ಗಾಡಿ: ಹಳೆಯದನ್ನು ಬದಲಿಸುವ ಮುನ್ನ

ಲಕ್ಕುಂಡಿಯೆಂದೊಡನೆ ಗುಡಿಗಳೂ ಬಾವಿಗಳೂ ನೆನಪಾಗುತ್ತವೆ. ಆ ಊರಿನಿಂದ ಡಂಬಳ, ಮುಂಡರಗಿ ಮಾರ್ಗವಾಗಿ ತುಂಗಭದ್ರೆಯ ದಡಕ್ಕೆ ಹೋಗಿ ಮೀನು ತರುವ ವ್ಯಾಪಾರವೂ ಉಂಟೆಂಬುದು ಹಲವರಿಗೆ ತಿಳಿದಿರಲಾರದು. ಆ ವ್ಯಾಪಾರದಲ್ಲಿರುವ ಮಿತ್ರರೊಬ್ಬರು ಕಳೆದ ಮಳೆಗಾಲದ ನಂತರ ತಮ್ಮ ಹಳೆಯ ಸಣ್ಣ ಸರಕು ವಾಹನವನ್ನು ಬದಲಿಸಲು ನಿರ್ಧರಿಸಿ ನನ್ನ ಸಲಹೆ ಕೇಳಿದರು. ಬೇರೆ ಸರಕನ್ನು ಸಾಗಿಸುವ ವರ್ತಕ ಬಂಧುಗಳಿಗೂ ಉಪಯೋಗವಾದೀತೆಂದು ಆ ವಿಚಾರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಬದಲಿಸಲು ಕಾರಣವಾದದ್ದು ಒಂದು ಬೆಳಗಿನ ನಷ್ಟ. ಕೊರ್ಲಹಳ್ಳಿಯ ಬಳಿ ನದಿಯಿಂದ ಮೇಲೇರುವ ಎರೆಮಣ್ಣಿನ ದಾರಿಯಲ್ಲಿ, ಮೀನು ತುಂಬಿದ ಗಾಡಿ ಹೂತುಹೋಯಿತು. ಟ್ರ್ಯಾಕ್ಟರ್ ತರಿಸಿ ಎಳೆಸುವಷ್ಟರಲ್ಲಿ ಬಿಸಿಲೇರಿತು, ಐಸ್ ಕರಗಿತು. ಮಾರುಕಟ್ಟೆ ಮುಟ್ಟಿದಾಗ ಕಾಟ್ಲಾ, ರೋಹು ಮೀನಿಗೆ ಅರ್ಧ ಬೆಲೆಯೂ ಹುಟ್ಟಲಿಲ್ಲ. ಮಿತ್ರರು ಗಾಡಿಯನ್ನು ಬೈದರು. ನನ್ನ ಮಟ್ಟಿಗೆ ತಪ್ಪು ಗಾಡಿಯದಲ್ಲ, ಲೆಕ್ಕದ್ದು.

ಲೆಕ್ಕವನ್ನು ಕಾಗದದ ಮೇಲೆ ಹಾಕಿ ನೋಡಿದೆವು. ಮೀನು 300 ಕಿಲೋ. ನಮ್ಮ ಸೀಮೆಯ ಬಿಸಿಲಿಗೆ ಮೀನಿನಷ್ಟೇ ತೂಕದ ಐಸ್ ಬೇಕು, ಅದು ಇನ್ನೂ 300. ಪೆಟ್ಟಿಗೆಗಳು, ಕರಗಿದ ನೀರು ಸೇರಿ 60. ಎರಡು ಹರಿಗೋಲು, ಒದ್ದೆಯಾದ ಬಲೆ, ಹಗ್ಗ ಎಲ್ಲ ಕೂಡಿ 100. ತೊಟ್ಟಿಯಲ್ಲಿ ಕೂರುವ ಇಬ್ಬರು ಆಳುಗಳು 130. ಒಟ್ಟು 890 ಕಿಲೋ. ಅವರ ಗಾಡಿಯ ಪಾಸಿಂಗ್ ಇದ್ದದ್ದು 750 ಕಿಲೋದೊಳಗೆ. ಬೆಳಗಿನ ಜಾವ ಮನೆ ಬಿಡುವಾಗ ಗಾಡಿ ಹಗುರಾಗಿಯೇ ಇರುತ್ತದಾದ್ದರಿಂದ ಇಷ್ಟು ವರ್ಷ ಯಾರಿಗೂ ಇದು ಹೊಳೆದಿರಲಿಲ್ಲ. ಗದಗಿನ ಮಿಸ್ತ್ರಿಯೊಬ್ಬರು ಒಂದೇ ಮಾತಿನಲ್ಲಿ ಹೇಳಿದರು: "ಅಣ್ಣಾರ, ಖಾಲಿ ಹೋಗೂದು ನೋಡಬ್ಯಾಡ್ರಿ, ತುಂಬಿ ಬರೂದು ನೋಡ್ರಿ."

ಹೆಚ್ಚುವರಿ ಹೊರೆಯಿಂದ ಸ್ಪ್ರಿಂಗ್ ಪಟ್ಟಿ ಮುರಿಯುವುದಷ್ಟೇ ಅಲ್ಲ. 2019ರ ಮೋಟಾರು ವಾಹನ ತಿದ್ದುಪಡಿ ಕಾಯಿದೆಯು ಮಿತಿ ಮೀರಿದ ತೂಕಕ್ಕೆ 20,000 ರೂಪಾಯಿ ದಂಡವನ್ನೂ ಹೆಚ್ಚಿನ ಪ್ರತಿ ಟನ್ನಿಗೆ 2,000 ರೂಪಾಯಿಯನ್ನೂ ವಿಧಿಸಿದೆ. ಸರಕು ತೊಟ್ಟಿಯ ಪಕ್ಕಕ್ಕೆ ಚಾಚಿಕೊಂಡಿದ್ದರೂ 20,000 ರೂಪಾಯಿಯೇ. ಹರಿಗೋಲು ಸಾಗಿಸುವವರು ಈ ಎರಡನೆಯದನ್ನು ಮರೆಯಬಾರದು. ಆರು ಅಡಿ ಅಗಲದ ಹರಿಗೋಲನ್ನು ಐದಡಿಗೂ ಕಡಿಮೆ ಅಗಲದ ತೊಟ್ಟಿಯಲ್ಲಿ ಬೋರಲು ಹಾಕಿದರೆ ಎರಡೂ ಕಡೆ ಅರ್ಧ ಅಡಿಗಿಂತ ಹೆಚ್ಚು ಹೊರಗೆ ನಿಲ್ಲುತ್ತದೆ. ತೂಕದಲ್ಲಿ ಅದು ಹಗುರ, ಆದರೆ ಜಾಗದಲ್ಲಿ ಭಾರ.

ಬೆಂಗಳೂರಿನಲ್ಲಿರುವ ಮಿತ್ರರ ಮಗ ಬೇರೊಂದು ಸಲಹೆ ತಂದಿದ್ದ. ಹರಿಗೋಲು ಬಿಟ್ಟು ಫೈಬರಿನ ಕಯಾಕ್ ಕೊಳ್ಳುವುದು, ಅದನ್ನು ಹೊರದೇಶದವರಂತೆ ಕಾರಿನ ಹಿಂದೆ ಟ್ರೇಲರ್ ಕಟ್ಟಿ ಎಳೆಯುವುದು. ವಿಹಾರಕ್ಕೆ ಅದು ಸೊಗಸೇ. ಆದರೆ ಟ್ರೇಲರ್ ಕೂಡ ಕಾನೂನಿನ ಕಣ್ಣಿನಲ್ಲಿ ಒಂದು ವಾಹನ, ಅದಕ್ಕೆ ಪ್ರತ್ಯೇಕ ನೋಂದಣಿ ಬೇಕು. ಇಕ್ಕಟ್ಟಾದ ನದಿದಾರಿಯಲ್ಲಿ ಟ್ರೇಲರನ್ನು ಹಿಮ್ಮುಖವಾಗಿ ನಡೆಸುವುದು ಪಳಗಿದ ಚಾಲಕನಿಗೂ ಕಷ್ಟ. ಹತ್ತು ಹನ್ನೆರಡು ಅಡಿ ಉದ್ದದ ಕಿರಿದಾದ ಕಯಾಕಿನಲ್ಲಿ ನಿಂತು ಬಲೆ ಬೀಸಲಾಗದು, ಬುಟ್ಟಿಗಟ್ಟಲೆ ಮೀನು ಹಿಡಿಸದು. ಹರಿಗೋಲುಗಳನ್ನಾದರೋ ತಟ್ಟೆಗಳಂತೆ ಒಂದರೊಳಗೊಂದು ಜೋಡಿಸಬಹುದು. ಮಗನ ಆಸೆಯನ್ನು ಸದ್ಯಕ್ಕೆ ಮುಂದೂಡಲಾಯಿತು.

ಉಳಿದದ್ದು ಮೂರು ದಾರಿ. 2005ರಲ್ಲಿ ಟಾಟಾ ಏಸ್ ಬಂದ ಮೇಲೆ ನಮ್ಮ ಪೇಟೆಗಳಲ್ಲಿ ಬೇರೂರಿದ ಸಣ್ಣ ಗಾಡಿಗಳ ವರ್ಗ ಒಂದು. ಓಣಿಗಳಲ್ಲಿ ತಿರುಗಲು ಅದಕ್ಕೆ ಸಮನಿಲ್ಲ, ಆದರೆ 890 ಕಿಲೋದ ಲೆಕ್ಕ ಅಲ್ಲಿ ಹೊಂದದು. ಮಹೀಂದ್ರಾದ ಬೊಲೆರೊ ಕ್ಯಾಂಪರಿನಂತಹ ಎರಡು ಸಾಲು ಆಸನಗಳ ಗಾಡಿ ಇನ್ನೊಂದು. ನಾಲ್ಕು ಚಕ್ರಕ್ಕೂ ಬಲ ಹೋಗುವ ಮಾದರಿಯೂ ಅದರಲ್ಲಿ ಬಂದಿದೆ. ಆಳುಗಳು ಒಳಗೇ ಕೂರಬಹುದು, ಆದರೆ ಹಿಂದಿನ ತೊಟ್ಟಿ ಚಿಕ್ಕದು. ಮೂರನೆಯದು ಟನ್ನಿಗಿಂತ ಹೆಚ್ಚು ಹೊರುವ ಪಿಕಪ್ ವರ್ಗ. ಬೊಲೆರೊ ಪಿಕಪ್, 2011ರಲ್ಲಿ ಬಂದ ಅಶೋಕ್ ಲೇಲ್ಯಾಂಡ್ ದೋಸ್ತ್ ಮುಂತಾದವು ಇದಕ್ಕೆ ಸೇರುತ್ತವೆ. ತೊಟ್ಟಿ ಎಂಟು ಅಡಿಗೂ ಮೀರಿ ಉದ್ದ, ಐದೂವರೆ ಅಡಿಯ ಆಸುಪಾಸು ಅಗಲ. ಹಿಂಚಕ್ರದಿಂದ ಓಡುವ ಪಿಕಪ್ ಖಾಲಿಯಿರುವಾಗ ಕೆಸರಿನಲ್ಲಿ ಜಾರುತ್ತದೆ. ಮಿತಿಯೊಳಗಿನ ಹೊರೆ ಬಿದ್ದಾಗ ಹಿಂಚಕ್ರಗಳು ನೆಲ ಕಚ್ಚುತ್ತವೆ. ನದಿಗೆ ಇಳಿಯುವುದು ಖಾಲಿಯಾಗಿ, ಏರುವುದು ತುಂಬಿ. ಹಾಗಾಗಿ ನಮ್ಮ ಕೆಲಸಕ್ಕೆ ಅದು ಹೊಂದುತ್ತದೆ. ಆದರೂ ಹಸಿ ಎರೆಯಲ್ಲಿ ಯಾವ ಗಾಡಿಯನ್ನೂ ನಂಬಬಾರದು, ಮಳೆ ಬಂದ ಮರುದಿನ ಗಟ್ಟಿ ರಸ್ತೆಯಲ್ಲೇ ನಿಲ್ಲಿಸಿ ಮೀನನ್ನು ಹೊತ್ತು ತರುವುದೇ ಲೇಸು.

ಆಳುಗಳ ಪ್ರಶ್ನೆ ಎಲ್ಲಕ್ಕಿಂತ ಗಂಭೀರ. ಸರಕು ವಾಹನದಲ್ಲಿ ಸುಮ್ಮನೆ ಹತ್ತಿಸಿಕೊಂಡ ಪ್ರಯಾಣಿಕರಿಗೆ ವಿಮಾ ಕಂಪನಿ ಹೊಣೆಯಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2003ರಲ್ಲೇ ತೀರ್ಪು ನೀಡಿದೆ. ತೊಟ್ಟಿಯಲ್ಲಿ ಕುಳಿತವನು ಬಿದ್ದರೆ ಮಾಲೀಕನ ಹೊಲ ಮನೆಗೇ ಸಂಚಕಾರ. ಕ್ಯಾಬಿನ್ನಿನಲ್ಲಿ ಎಷ್ಟು ಆಸನಗಳಿಗೆ ಆರ್.ಸಿ. ಇದೆಯೋ ಅಷ್ಟೇ ಜನ ಕೂರಬೇಕು. ಲೈಸೆನ್ಸಿನ ವಿಷಯದಲ್ಲಿ ಮಾತ್ರ ಭಯ ಬೇಡ. ಹಗುರ ಮೋಟಾರು ವಾಹನದ ಲೈಸೆನ್ಸ್ ಇದ್ದವರು ಒಟ್ಟು ತೂಕ 7,500 ಕಿಲೋ ಮೀರದ ಸಾರಿಗೆ ವಾಹನವನ್ನು ಪ್ರತ್ಯೇಕ ಅನುಮತಿಯಿಲ್ಲದೆ ನಡೆಸಬಹುದೆಂದು ಅದೇ ನ್ಯಾಯಾಲಯದ ಸಂವಿಧಾನ ಪೀಠ 2024ರ ನವೆಂಬರಿನಲ್ಲಿ ಸ್ಪಷ್ಟಪಡಿಸಿದೆ.

ತೆರಿಗೆಯ ಮಾತು ಚುಟುಕಾಗಿ. 2025ರ ಸೆಪ್ಟೆಂಬರ್ 22ರಿಂದ ಸರಕು ವಾಹನಗಳ ಜಿ.ಎಸ್.ಟಿ. ಶೇ. 28ರಿಂದ 18ಕ್ಕೆ ಇಳಿಯಿತು. ಮೂಲಬೆಲೆ 8 ಲಕ್ಷವಾದರೆ ಉಳಿತಾಯ 80,000 ರೂಪಾಯಿ. ತೆರಿಗೆಯುಳ್ಳ ಸರಕನ್ನು ತಯಾರಿಸುವ ಸದಸ್ಯರು ಸರಕು ವಾಹನಕ್ಕೆ ಕೊಟ್ಟ ತೆರಿಗೆಯನ್ನು ಜಮಾ ಪಡೆಯಬಹುದು. ಕಾರಿಗೆ ಸಾಮಾನ್ಯವಾಗಿ ಆ ಸೌಲಭ್ಯವಿಲ್ಲ. ತಾಜಾ ಮೀನಿಗೆ ತೆರಿಗೆಯೇ ಇಲ್ಲವಾದ್ದರಿಂದ ನಮ್ಮ ಮಿತ್ರರಿಗೆ ಜಮಾ ಕೂಡ ಇಲ್ಲ. ಇದನ್ನು ಕೇಳಿ ಅವರಿಗೆ ತುಸು ಬೇಸರವೇ ಆಯಿತು.

ಹಳೆಯ ಗಾಡಿಯನ್ನು ದಲಾಲನೊಬ್ಬ ನಗದು ಕೊಟ್ಟು ಒಯ್ಯಲು ಸಿದ್ಧನಿದ್ದ, ಹೆಸರು ಬದಲಾವಣೆ ಆಮೇಲೆ ಎಂದ. ಇಲ್ಲಿ ನಾನು ಹಟ ಹಿಡಿದೆ. ನೋಂದಣಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಅಪಘಾತದ ಪರಿಹಾರ ಅವರ ಮೇಲೆಯೇ ಬರುತ್ತದೆಂದು 2018ರ ಸರ್ವೋಚ್ಚ ನ್ಯಾಯಾಲಯದ ತೀರ್ಪಿದೆ. ಕೈ ಬದಲಾಗಿ ಎಲ್ಲೋ ಓಡುವ ಗಾಡಿಗೆ ಲಕ್ಕುಂಡಿಯಲ್ಲಿ ಕುಳಿತವರು ಉತ್ತರ ಹೇಳಬೇಕಾದೀತು. 29 ಮತ್ತು 30ನೆಯ ನಮೂನೆಗಳಿಗೆ ಸಹಿಯಾಗಿ ಆರ್.ಸಿ.ಯಲ್ಲಿ ಹೆಸರು ಬದಲಾಗುವವರೆಗೆ ಗಾಡಿ ಅಂಗಳದಲ್ಲೇ ನಿಂತಿತು. ದಲಾಲ ಮುನಿಸಿಕೊಂಡು ಹೋದ, ಹದಿನೈದು ದಿನಕ್ಕೆ ಬೇರೊಬ್ಬರು ಬಂದರು. ನಾಲ್ಕು ಸಾವಿರ ಕಡಿಮೆ ಸಿಕ್ಕಿತು, ಅಷ್ಟೇ.

ಕೊನೆಗೆ ಬಂದದ್ದು ಪಿಕಪ್. ವೆಲ್ಡಿಂಗ್ ಅಂಗಡಿಯಲ್ಲಿ ತೊಟ್ಟಿಯ ಒಂದು ಪಕ್ಕಕ್ಕೆ ಕಳಚಿ ತೆಗೆಯಬಹುದಾದ ಕಬ್ಬಿಣದ ಆಸರೆ ಮಾಡಿಸಿದರು. ಎರಡು ಹರಿಗೋಲುಗಳು ಒಂದರೊಳಗೊಂದು ಸೇರಿ ಅದಕ್ಕೆ ಒರಗಿ ನಿಲ್ಲುತ್ತವೆ, ಉಳಿದ ಜಾಗದಲ್ಲಿ ಐಸ್ ಪೆಟ್ಟಿಗೆಗಳು. ಮೀನಿನ ನೀರು ತಗಡನ್ನು ತಿನ್ನದಂತೆ ತಳಕ್ಕೆ ಫೈಬರ್ ಹಾಸು ಹಾಕಿಸಿ, ಹಿಂದುಗಡೆ ನೀರು ಹೋಗುವ ಕಿಂಡಿ ಬಿಡಿಸಿದ್ದಾರೆ. ಸುಗ್ಗಿಯಲ್ಲಿ ಹೆಸರು, ಶೇಂಗಾ ಹೇರಿ ಬಾಡಿಗೆ ದುಡಿಯುವ ಯೋಚನೆಯೂ ಅವರಿಗಿತ್ತು. ಮೀನಿನ ವಾಸನೆ ಹತ್ತಿದ ಗಾಡಿಗೆ ಕಾಳು ಹಾಕಲು ಅಡತಿಯವರು ಒಪ್ಪಲಿಲ್ಲ. ಇಬ್ಬರು ಆಳುಗಳು ಈಗ ಮೋಟಾರ್ ಸೈಕಲ್ಲಿನಲ್ಲಿ ಮುಂಚಿತವಾಗಿಯೇ ನದಿ ಸೇರುತ್ತಾರೆ. ಪೆಟ್ರೋಲಿನ ಖರ್ಚು ಮಿತ್ರರದು.